ಸಾದಾ ಅಲಗೋ, ಹಲ್ಲಿನ ಅಲಗೋ: ಚಾಕು ಕೊಳ್ಳುವ ಮೊದಲು

ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯಲ್ಲಿ ಚಾಕು ಮಾರುವ ಯಾವ ಅಂಗಡಿಗೆ ಹೋದರೂ ಗಾಜಿನ ಪೆಟ್ಟಿಗೆಯೊಳಗೆ ಎರಡು ಬಗೆಯ ಅಲಗುಗಳು ಅಕ್ಕಪಕ್ಕದಲ್ಲೇ ಮಲಗಿರುತ್ತವೆ. ಒಂದರ ಅಂಚು ತುದಿಯಿಂದ ಹಿಡಿಯವರೆಗೆ ನಯವಾಗಿರುತ್ತದೆ, ಇನ್ನೊಂದರ ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿರುತ್ತವೆ. ಕೊಳ್ಳಲು ಬಂದವರು ಟೊಮೆಟೊಗೆ ಯಾವುದು, ಈರುಳ್ಳಿಗೆ ಯಾವುದು, ಹಣ್ಣಿಗೆ ಯಾವುದು ಎಂದು ತರಕಾರಿಯ ಲೆಕ್ಕದಲ್ಲಿ ಕೇಳುತ್ತಾರೆ, ಅಂಗಡಿಯವರೂ ಅದೇ ಲೆಕ್ಕದಲ್ಲಿ ಉತ್ತರ ಹೇಳಿ ಎರಡನ್ನೂ ಕಟ್ಟಿಕೊಡುತ್ತಾರೆ. ಈ ಲೆಕ್ಕದಿಂದ ಹೆಚ್ಚಿನ ಉಪಯೋಗವಿಲ್ಲವೆಂಬುದು ನನ್ನ ಅಭಿಪ್ರಾಯ. ತರಕಾರಿಗಿಂತ ಮೊದಲು ಯೋಚಿಸಬೇಕಾದ ಸಂಗತಿಗಳು ಎರಡಿವೆ: ನಿಮ್ಮ ಮನೆಯಲ್ಲಿ ತರಕಾರಿ ಹೆಚ್ಚುವುದು ಯಾವುದರ ಮೇಲೆ, ಮತ್ತು ಚಾಕು ಮೊಂಡಾದಾಗ ಅದಕ್ಕೆ ಸಾಣೆ ಹಿಡಿಯುವವರು ಯಾರು. ಇವಕ್ಕೆ ಪ್ರಾಮಾಣಿಕವಾಗಿ ಉತ್ತರ ಹೇಳಿಕೊಂಡರೆ ಯಾವ ಅಲಗು ಬೇಕೆಂಬುದು ಮುಕ್ಕಾಲು ಪಾಲು ತೀರ್ಮಾನವಾದಂತೆಯೇ.

ಚಾಕು ಹೇಗೆ ಕತ್ತರಿಸುತ್ತದೆ ಎಂಬುದನ್ನು ಮೊದಲು ನೋಡೋಣ. ಅಲಗಿನ ಎರಡು ಬದಿಗಳು ಇಳಿಜಾರಾಗಿ ಬಂದು ಸೇರುವ ಅತಿ ತೆಳುವಾದ ಗೆರೆಯೇ ಚಾಕುವಿನ ಬಾಯಿ. ಕೈಯಿಂದ ನಾವು ಹಾಕುವ ಬಲವೆಲ್ಲವೂ ಆ ಕಿರಿದಾದ ಗೆರೆಯ ಮೇಲೆ ಬೀಳುವುದರಿಂದ ಅಲ್ಲಿ ಒತ್ತಡ ಹೆಚ್ಚಿ ವಸ್ತು ಸೀಳುತ್ತದೆ. ಬಳಸಿ ಬಳಸಿ ಆ ಗೆರೆ ಸವೆದು ಗುಂಡಾದರೆ ಅದೇ ಬಲ ಹೆಚ್ಚು ಅಗಲಕ್ಕೆ ಹಂಚಿಹೋಗುತ್ತದೆ, ಆಗ ಚಾಕು ಸೀಳುವುದನ್ನು ಬಿಟ್ಟು ಅದುಮಲು ತೊಡಗುತ್ತದೆ. ಕೆಳಗೆ ಒತ್ತುವುದರ ಜೊತೆಗೆ ಅಲಗನ್ನು ಉದ್ದಕ್ಕೆ ಎಳೆದರೆ ಒತ್ತುವ ಬಲ ಕಡಿಮೆ ಸಾಕಾಗುತ್ತದೆಂಬುದು ಅಡುಗೆ ಮಾಡುವ ಎಲ್ಲರಿಗೂ ಕೈಯ ಅನುಭವದಿಂದಲೇ ಗೊತ್ತಿರುತ್ತದೆ.

ಹಣ್ಣಾದ ಟೊಮೆಟೊವಿನ ಮೇಲೆ ಮೊಂಡು ಚಾಕು ಇಟ್ಟಾಗ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ಗಮನಿಸಿದರೆ ಎರಡು ಅಲಗುಗಳ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ. ಟೊಮೆಟೊವಿನ ಸಿಪ್ಪೆ ಬಿಗಿಯಾಗಿ ಜಾರುವಂತಿರುತ್ತದೆ, ಒಳಗಿನ ತಿರುಳಾದರೋ ತೀರಾ ಮೆತ್ತಗಿರುತ್ತದೆ. ಅಂಚು ಸವೆದ ಚಾಕು ಸಿಪ್ಪೆಯ ಮೇಲೆ ಜಾರುತ್ತದೆ, ಒತ್ತಿದರೆ ಸಿಪ್ಪೆ ತಗ್ಗಾಗಿ ಒಳಗೆ ಹೋಗುತ್ತದೆ, ಇನ್ನೂ ಒತ್ತಿದರೆ ಸಿಪ್ಪೆ ಒಮ್ಮೆಲೇ ಒಡೆದು ಬೀಜ ಮತ್ತು ರಸ ಮಣೆಯ ಮೇಲೆ ಚೆಲ್ಲುತ್ತವೆ. ಹಲ್ಲಿನ ಚಾಕುವಿನಲ್ಲಿ ಇಡೀ ಅಂಚು ಒಟ್ಟಿಗೆ ಸಿಪ್ಪೆಯನ್ನು ಮುಟ್ಟುವುದಿಲ್ಲ, ಮೊದಲು ಮುಟ್ಟುವುದು ಹಲ್ಲುಗಳ ತುದಿಗಳು ಮಾತ್ರ. ಬಲವೆಲ್ಲ ಆ ಕೆಲವೇ ಚುಕ್ಕೆಗಳ ಮೇಲೆ ಬೀಳುವುದರಿಂದ ಸಿಪ್ಪೆಗೆ ತೂತು ಬೀಳುತ್ತದೆ. ಆಮೇಲೆ ಚಾಕುವನ್ನು ಎಳೆದಾಗ ಎರಡು ಹಲ್ಲುಗಳ ನಡುವಿನ ತಗ್ಗಿನಲ್ಲಿರುವ ಓರೆಯಾದ ಅಂಚು ತೂತನ್ನು ಸೀಳಿಕೊಂಡು ಮುಂದೆ ಸಾಗುತ್ತದೆ. ಈ ತಗ್ಗಿನ ಅಂಚು ಮಣೆಯನ್ನು ಮುಟ್ಟುವುದೇ ಇಲ್ಲ, ಮುಟ್ಟದ ಕಾರಣ ಬಹಳ ಕಾಲ ಹರಿತವಾಗಿಯೇ ಉಳಿಯುತ್ತದೆ. ಹಲ್ಲಿನ ಚಾಕುವಿನ ಗುಟ್ಟೆಲ್ಲ ಇರುವುದು ಇಷ್ಟರಲ್ಲೇ. ಅದು ಸಾದಾ ಚಾಕುವಿಗಿಂತ ಹೆಚ್ಚು ಹರಿತವಾಗಿರಬೇಕೆಂದೇನೂ ಇಲ್ಲ, ಹರಿತವನ್ನು ಮಣೆಯ ಪೆಟ್ಟಿನಿಂದ ತಪ್ಪಿಸಿ ತಗ್ಗಿನಲ್ಲಿ ಬಚ್ಚಿಟ್ಟುಕೊಂಡಿರುತ್ತದೆ.

ಈ ಎರಡು ಬಗೆಯ ಅಂಚುಗಳಿಗೂ ನಮ್ಮ ಕಡೆಯಲ್ಲಿ ಹಳೆಯ ಬಳಕೆಯಿದೆ. ಈಳಿಗೆ ಮಣೆಯನ್ನೇ ನೋಡಿ. ಬಾಗಿದ ಅಲಗಿನ ಒಳ ಅಂಚು ನಯವಾಗಿದೆ, ಅದರ ತುದಿಯಲ್ಲಿರುವ ಅಗಲವಾದ ಬಿಲ್ಲೆಯ ಸುತ್ತ ಹಲ್ಲುಗಳಿವೆ. ಬೀನ್ಸು, ಬದನೆ, ಸೌತೆ, ಬಾಳೆಕಾಯಿ ಎಲ್ಲವೂ ನಯವಾದ ಅಂಚಿನ ಮೇಲೆ, ತೆಂಗಿನಕಾಯಿ ಮಾತ್ರ ಹಲ್ಲಿನ ಮೇಲೆ. ಚಿಪ್ಪಿಗೆ ಅಂಟಿಕೊಂಡ ಗಟ್ಟಿ ತಿರುಳನ್ನು ಎಳೆಎಳೆಯಾಗಿ ಹೆರೆದು ತೆಗೆಯಬೇಕಾದಲ್ಲಿ ಹಲ್ಲು, ಹೋಳು ಹೋಳಾಗಿ ನೀಟಾಗಿ ಬೀಳಬೇಕಾದಲ್ಲಿ ನಯವಾದ ಅಂಚು. ಈ ವಿಂಗಡಣೆಯನ್ನು ಮಾಡಿದ ಕಮ್ಮಾರರು ಯಾವ ಕಾಲದವರೋ, ಅವರ ತೀರ್ಮಾನದಲ್ಲಿ ತಿದ್ದುವುದಕ್ಕೆ ಇಂದಿಗೂ ಹೆಚ್ಚೇನಿಲ್ಲ. ಬೆಂಗಳೂರಿನ ಸುತ್ತಲಿನ ರಾಗಿ ಹೊಲಗಳಲ್ಲಿಯೂ ಸಾದಾ ಕುಡುಗೋಲು ಮತ್ತು ಹಲ್ಲಿನ ಕುಡುಗೋಲು ಎರಡೂ ಇವೆ. ಎಡಗೈಯಲ್ಲಿ ಬುಡ ಹಿಡಿದು ಬಲಗೈಯಲ್ಲಿ ಎಳೆದು ಕೊಯ್ಯುವ ಕೆಲಸದಲ್ಲಿ ಹಲ್ಲು ಕಡ್ಡಿಯನ್ನು ಜಾರಲು ಬಿಡದೆ ಕಚ್ಚಿ ಹಿಡಿಯುತ್ತದೆ, ಮತ್ತೆ ಮತ್ತೆ ಸಾಣೆ ಹಿಡಿಯುವ ತಾಪತ್ರಯವೂ ಕಡಿಮೆ. ಸಾದಾ ಕುಡುಗೋಲು ಮೊಂಡಾದರೆ ಬದುವಿನ ಕಲ್ಲಿನ ಮೇಲೆ ಉಜ್ಜಿದರೂ ಸರಿಹೋಗುತ್ತದೆ, ಹಲ್ಲು ಸವೆದ ಕುಡುಗೋಲಿಗೆ ಆ ಸೌಕರ್ಯವಿಲ್ಲ. ಪೇಟೆಯ ಅಡುಗೆಮನೆಯಲ್ಲಿ ನಾವು ಎದುರಿಸುವ ಆಯ್ಕೆಯೂ ಬಹುಮಟ್ಟಿಗೆ ಇದೇ.

ಸಾದಾ ಅಲಗಿನ ಪರವಾಗಿ ಹೇಳಬೇಕಾದದ್ದು ಬಹಳವಿದೆ. ಕತ್ತರಿಸಿದ ಮುಖ ನಯವಾಗಿ ಬರುವುದು ಅದರ ಮೊದಲ ಗುಣ. ಕೋಸಂಬರಿಗೆ ಸೌತೆಕಾಯಿಯನ್ನು ಕಾಳಿನ ಗಾತ್ರಕ್ಕೆ ಹೆಚ್ಚುವಾಗ ಹಲ್ಲಿನ ಚಾಕು ಬಳಸಿದರೆ ಪ್ರತಿ ಹೋಳಿನ ಮೇಲೂ ಗೀರುಗಳು ಮೂಡಿ ನೀರು ಬೇಗ ಬಿಡುತ್ತದೆ, ಬಡಿಸುವ ಹೊತ್ತಿಗೆ ಹೆಸರುಬೇಳೆ ನೀರಿನಲ್ಲಿ ತೇಲುತ್ತಿರುತ್ತದೆ. ಕೊತ್ತಂಬರಿ ಸೊಪ್ಪಂತೂ ಹಲ್ಲಿನಡಿ ಸಿಕ್ಕಿ ಜಜ್ಜಿಹೋಗಿ ಬೇಗ ಕಪ್ಪಾಗುತ್ತದೆ. ಈರುಳ್ಳಿಯಲ್ಲಿ ಇದಕ್ಕೆ ರಾಸಾಯನಿಕ ಕಾರಣವೂ ಸೇರುತ್ತದೆ. ಅದರ ಕೋಶಗಳು ಒಡೆದಾಗ ಒಳಗೆ ಬೇರೆಬೇರೆಯಾಗಿದ್ದ ಕಿಣ್ವ ಮತ್ತು ಗಂಧಕದ ಸಂಯುಕ್ತಗಳು ಬೆರೆತು ಕಣ್ಣುರಿಸುವ ಅನಿಲವಾಗುತ್ತವೆ. ಹರಿತವಾದ ಸಾದಾ ಅಲಗು ತಾನು ಹಾದುಹೋದ ಗೆರೆಯ ಕೋಶಗಳನ್ನಷ್ಟೇ ಒಡೆಯುತ್ತದೆ, ಮೊಂಡು ಅಲಗಾಗಲಿ ಒರಟು ಹಲ್ಲಾಗಲಿ ಅಕ್ಕಪಕ್ಕದವನ್ನೂ ಜಜ್ಜುತ್ತವೆ. ಬಾಳೆದಿಂಡನ್ನು ಬಿಲ್ಲೆ ಮಾಡಿ ಒಂದೊಂದು ಬಿಲ್ಲೆಗೂ ಬೆರಳು ತಿರುಗಿಸಿ ನಾರು ತೆಗೆಯುವವರು ಒಮ್ಮೆ ಹಲ್ಲಿನ ಚಾಕುವಿನಿಂದ ಅದನ್ನು ಹೆಚ್ಚಿ ನೋಡಬೇಕು: ನಾರು ಕತ್ತರಿಸಿಕೊಳ್ಳದೆ ಹಲ್ಲುಗಳಿಗೆ ಸುತ್ತಿಕೊಂಡು, ಪ್ರತಿ ಬಿಲ್ಲೆಯಾದ ಮೇಲೂ ಚಾಕುವನ್ನೇ ಬಿಡಿಸಬೇಕಾಗುತ್ತದೆ.

ಎರಡನೆಯದು ಹಿಡಿತ. ಆಲೂಗಡ್ಡೆಯ ಸಿಪ್ಪೆ ಹೆರೆಯುವುದು, ಮಾವಿನಕಾಯಿಯ ತೊಟ್ಟು ಬಿಡಿಸುವುದು, ಸುವರ್ಣಗೆಡ್ಡೆಯ ಒರಟು ಮೈಯನ್ನು ತೆಳುವಾಗಿ ಕೆತ್ತುವುದು ಮುಂತಾದವು ಅಲಗನ್ನು ಎಳೆಯದೆ ಮುಂದಕ್ಕೆ ತಳ್ಳಿ ಮಾಡುವ ಕೆಲಸಗಳು. ಅಲ್ಲಿ ಹಲ್ಲು ನೆರವಾಗುವ ಬದಲು ಸಿಕ್ಕಿಹಾಕಿಕೊಳ್ಳುತ್ತದೆ. ಇದಲ್ಲದೆ ಹೆಚ್ಚಿನ ಹಲ್ಲಿನ ಚಾಕುಗಳಲ್ಲಿ ಹಲ್ಲನ್ನು ಒಂದೇ ಬದಿಯಿಂದ ಕೊರೆದಿರುತ್ತಾರೆ, ಇನ್ನೊಂದು ಬದಿ ಚಪ್ಪಟೆಯಾಗಿರುತ್ತದೆ. ಅಂಥ ಅಲಗು ನೇರವಾಗಿ ಇಳಿಯದೆ ಚಪ್ಪಟೆ ಬದಿಯ ಕಡೆಗೆ ವಾಲುತ್ತಾ ಇಳಿಯುತ್ತದೆ. ತೆಳುವಾದ ಹಣ್ಣಿನಲ್ಲಿ ಇದು ಕಾಣುವುದಿಲ್ಲ, ಆದರೆ ಕಲ್ಲಂಗಡಿಯನ್ನೋ ಇಡೀ ಬ್ರೆಡ್ಡನ್ನೋ ಕತ್ತರಿಸುವಾಗ ಮೇಲೆ ಒಂದು ಬೆರಳಿನಷ್ಟಿದ್ದ ಹೋಳು ಕೆಳಗೆ ಬರುವಷ್ಟರಲ್ಲಿ ಎರಡು ಬೆರಳಾಗಿರುತ್ತದೆ, ಇಲ್ಲವೇ ಕಾಗದದಷ್ಟು ತೆಳುವಾಗಿರುತ್ತದೆ. ಬಹುಪಾಲು ಚಾಕುಗಳನ್ನು ಬಲಗೈಯವರಿಗೆಂದೇ ಮಾಡಿರುವುದರಿಂದ ಎಡಗೈಯವರಿಗೆ ಈ ವಾಲುವಿಕೆ ಇನ್ನಷ್ಟು ಕಾಟ ಕೊಡುತ್ತದೆ. ಎಡಗೈಯವರು ಕೊಳ್ಳುವ ಮೊದಲು ಅಲಗನ್ನು ತಿರುಗಿಸಿ ಹಲ್ಲು ಯಾವ ಬದಿಯಲ್ಲಿ ಕೊರೆದಿದೆಯೆಂದು ನೋಡಿಕೊಳ್ಳಬೇಕು.

ಇಷ್ಟೆಲ್ಲ ಗುಣಗಳಿದ್ದರೂ ನಮ್ಮ ಊರಿನ ಮನೆಗಳಲ್ಲಿ ಸಾದಾ ಚಾಕು ಸೋಲುವುದು ಏಕೆ? ನನ್ನ ಪ್ರಕಾರ ಇದಕ್ಕೆ ಮುಖ್ಯ ಕಾರಣ ಅಡುಗೆಕಟ್ಟೆಯ ಗ್ರಾನೈಟ್. ಬೆಂಗಳೂರಿನಲ್ಲಿ ಹೊಸ ಅಪಾರ್ಟ್‌ಮೆಂಟಾಗಲಿ ಹಳೆಯ ವಠಾರವಾಗಲಿ ಕಟ್ಟೆಯೆಂದರೆ ಕಲ್ಲಿನದೇ, ಮತ್ತು ಅವಸರದಲ್ಲಿರುವ ಕೈ ಆ ಕಲ್ಲಿನ ಮೇಲೆಯೇ ಎರಡು ಹಸಿಮೆಣಸಿನಕಾಯಿ ಹೆಚ್ಚಿಬಿಡುತ್ತದೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಹ್ಸ್ ಮಾಪಕದಲ್ಲಿ ಗ್ರಾನೈಟಿನ ಸ್ಫಟಿಕಶಿಲೆಗೆ 7, ಫೆಲ್ಡ್‌ಸ್ಪಾರಿಗೆ 6. ಚಾಕುವಿನ ಉಕ್ಕು ಸುಮಾರು 5.5ರಿಂದ 6.5ರ ನಡುವೆ ಬರುತ್ತದೆ. ಅಂದರೆ ಕಲ್ಲಿನ ಮೇಲೆ ಹೆಚ್ಚುವಾಗ ಸವೆಯುವುದು ಚಾಕುವೇ. ತರಕಾರಿಯನ್ನು ಕತ್ತರಿಸಿ ಹೊರಬಂದ ಅಂಚು ಪ್ರತಿ ಏಟಿಗೂ ಕಲ್ಲಿಗೆ ಬಡಿದು ಮಡಚಿಕೊಳ್ಳುತ್ತದೆ. ಊಟದ ಸ್ಟೀಲ್ ತಟ್ಟೆಯನ್ನು ಮಣೆಯಾಗಿ ಬಳಸುವ ಅಭ್ಯಾಸವೂ ಇದಕ್ಕಿಂತ ಹೆಚ್ಚು ಒಳ್ಳೆಯದೇನಲ್ಲ. ಗಾಜಿನ ಕಟಿಂಗ್ ಬೋರ್ಡುಗಳನ್ನು ಯಾರು ಯಾತಕ್ಕೆ ಮಾಡುತ್ತಾರೋ ನನಗಂತೂ ಅರ್ಥವಾಗಿಲ್ಲ. ಉಡುಗೊರೆಯಾಗಿ ಬಂದರೆ ಅದರ ಮೇಲೆ ಬಿಸಿ ಪಾತ್ರೆ ಇಟ್ಟುಕೊಳ್ಳಬಹುದು. ಮರದ ಮಣೆ ಅಥವಾ ಸಾಧಾರಣ ಪ್ಲಾಸ್ಟಿಕ್ ಮಣೆ ಅಲಗಿಗೆ ಎಡೆಗೊಡುವಷ್ಟು ಮೆತ್ತಗಿರುತ್ತದೆ. ಮಣೆಯ ಮೇಲೆ ಗೀರುಗಳು ಬೀಳುತ್ತಿವೆಯೆಂದರೆ ಅದು ಚಾಕುವನ್ನು ಕಾಪಾಡುತ್ತಿದೆ ಎಂದೇ ತಿಳಿಯಬೇಕು.

ಗ್ರಾನೈಟಿನ ಮೇಲೂ ಹಲ್ಲಿನ ಚಾಕು ತಿಂಗಳುಗಟ್ಟಲೆ ದುಡಿಯುತ್ತದೆ, ಏಕೆಂದರೆ ಕಲ್ಲಿಗೆ ತಾಗಿ ಸವೆಯುವುದು ಹಲ್ಲಿನ ತುದಿ ಮಾತ್ರ. ಆ ತುದಿಗಳೂ ಕ್ರಮೇಣ ಗುಂಡಾಗುತ್ತವೆ. ಆದರೆ ಮೊಂಡಾದ ಹಲ್ಲಿನ ಚಾಕು ಮೊಂಡಾಗಿದೆಯೆಂದು ಹೇಳಿಕೊಳ್ಳುವುದಿಲ್ಲ; ಗರಗಸದಂತೆ ಹಿಂದೆ ಮುಂದೆ ಎಳೆದರೆ ಹೇಗೋ ಕತ್ತರಿಸುತ್ತಲೇ ಇರುತ್ತದೆ, ಹೋಳುಗಳು ಮಾತ್ರ ದಿನದಿಂದ ದಿನಕ್ಕೆ ಹರಕಾಗುತ್ತಾ ಹೋಗುತ್ತವೆ. "ಇದಕ್ಕೆ ಸಾಣೆನೇ ಬೇಡ ಸಾರ್, ಲೈಫ್ ಪೂರ್ತಿ ನಡೆಯುತ್ತೆ" ಎಂದು ಅಂಗಡಿಯಲ್ಲಿ ಹೇಳುವ ಮಾತಿನ ಹಿಂದಿರುವ ಸತ್ಯ ಇಷ್ಟೇ. ಅದರಲ್ಲೂ ಬರಿಗಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹಲ್ಲುಗಳಿರುವ ಅಗ್ಗದ ಚಾಕುಗಳಿಗೆ ಸಾಣೆ ಬೇಡವೆನ್ನುವುದಕ್ಕಿಂತ ಸಾಣೆ ಹಿಡಿಯಲು ಬರುವುದಿಲ್ಲವೆನ್ನುವುದು ಸರಿಯಾದೀತು. ಅವು ಮೊಂಡಾದ ದಿನ ಗುಜರಿಗೆ ಹೋಗುತ್ತವೆ.

ಈ ವಿಷಯದಲ್ಲಿ ನನಗೆ ಅತ್ಯಂತ ಸ್ವಾರಸ್ಯಕರವೆನಿಸಿದ ಸಂಗತಿಯೆಂದರೆ, ಪೂರ್ತಿ ನಯವಾದ ಅಲಗು ಎಂಬುದೇ ಇಲ್ಲ. ಸಾಣೆಕಲ್ಲಿನ ಮೇಲೆ ಉಜ್ಜಿದ ಯಾವ ಅಂಚನ್ನಾದರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಲ್ಲಿನ ಕಣಗಳು ಮಾಡಿದ ಗೀರುಗಳು ಅಂಚಿಗೆ ಬಂದು ಮುಗಿಯುವಲ್ಲೆಲ್ಲ ಚಿಕ್ಕ ಚಿಕ್ಕ ಹಲ್ಲುಗಳು ಎದ್ದಿರುತ್ತವೆ. ಕಲ್ಲು ಒರಟಾಗಿದ್ದಷ್ಟೂ ಈ ಹಲ್ಲುಗಳು ದೊಡ್ಡವು, ನಯವಾಗಿದ್ದಷ್ಟೂ ಚಿಕ್ಕವು. ಕಲ್ಲಿನ ನಯವನ್ನು ಗ್ರಿಟ್ ಎಂಬ ಅಂಕಿಯಿಂದ ಗುರುತಿಸುತ್ತಾರೆ. ಅಂಕಿ ಹೆಚ್ಚಾದಷ್ಟೂ ಕಣ ಸಣ್ಣದು. 6000 ಅಥವಾ 8000 ಗ್ರಿಟ್‌ನ ಜಪಾನಿ ಕಲ್ಲಿನ ಮೇಲೆ ಹೊಳಪು ಕೊಟ್ಟ ಅಂಚು ಮುಂಗೈಯ ಕೂದಲನ್ನು ಬೋಳಿಸುತ್ತದೆ, ತಳ್ಳಿ ಕತ್ತರಿಸುವ ಕೆಲಸಕ್ಕೆ ಅದಕ್ಕೆ ಸಮನಿಲ್ಲ, ಆದರೂ ಸ್ವಲ್ಪ ದಿನ ಬಳಸಿದ ಮೇಲೆ ಅದೇ ಅಂಚು ಟೊಮೆಟೊ ಸಿಪ್ಪೆಯ ಮೇಲೆ ಜಾರಲು ತೊಡಗುತ್ತದೆ. 1000 ಗ್ರಿಟ್‌ನಲ್ಲಿ ನಿಲ್ಲಿಸಿದ ಅಂಚು ನೋಡಲು ಅಷ್ಟು ಹೊಳೆಯದಿದ್ದರೂ ಟೊಮೆಟೊವನ್ನು ಅದರ ಸ್ವಂತ ಭಾರದಲ್ಲೇ ಕಚ್ಚಿಕೊಳ್ಳುತ್ತದೆ. ಹಲ್ಲಿನ ಚಾಕುವಿನಿಂದ ಅಡುಗೆಮನೆಯಲ್ಲಿ ನಾವು ಬಯಸುವ ಗುಣದ ಬಹುಭಾಗ ಸಾದಾ ಚಾಕುವಿನಲ್ಲೇ ಸಿಗುತ್ತದೆ, ಸರಿಯಾದ ಕಲ್ಲಿನ ಬಳಿ ನಿಲ್ಲಿಸುವುದು ಗೊತ್ತಿದ್ದರೆ. ಹಾಗಾಗಿ ಸಾಣೆ ಹಿಡಿಯುವ ಮನಸ್ಸಿರುವವರಿಗೆ ಟೊಮೆಟೊಗೆಂದು ಬೇರೆ ಚಾಕು ಬೇಕಾಗುವುದಿಲ್ಲ.

ಸಾಣೆಯೆಂದರೆ ದೊಡ್ಡ ವಿದ್ಯೆಯೆಂದು ಹೆದರುವವರು ಬಹಳ ಜನ. ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವ, ಒಂದು ಬದಿ ಒರಟು ಇನ್ನೊಂದು ಬದಿ ನಯವಾಗಿರುವ ಕಾರ್ಬೊರಂಡಂ ಸಾಣೆಕಲ್ಲು ಆರಂಭಕ್ಕೆ ಸಾಕು, ಆಮೇಲೆ ಬೇಕೆನಿಸಿದರೆ ನೀರು ಹಾಕಿ ಬಳಸುವ 1000 ಗ್ರಿಟ್‌ನ ನೀರುಕಲ್ಲು ತರಿಸಿಕೊಳ್ಳಬಹುದು. ಕೋನವನ್ನು ಅಂದಾಜು ಮಾಡಲು ಉಪಕರಣವೇನೂ ಬೇಡ. ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿದರೆ 90 ಡಿಗ್ರಿ, ಅರ್ಧಕ್ಕೆ ವಾಲಿಸಿದರೆ 45, ಅದನ್ನೂ ಅರ್ಧ ಮಾಡಿದರೆ 22ರ ಆಸುಪಾಸು. ನಮ್ಮ ಸಾಧಾರಣ ಸ್ಟೀಲ್ ಚಾಕುಗಳಿಗೆ 20ರಿಂದ 22 ಡಿಗ್ರಿ ಚೆನ್ನಾಗಿ ಹೊಂದುತ್ತದೆ. ಜಪಾನಿ ಚಾಕುಗಳನ್ನು 15ರ ಸುತ್ತ ಹಿಡಿಯುತ್ತಾರೆ, ಅವುಗಳ ಉಕ್ಕು ಲೋಹದ ಗಡಸುತನ ಹೇಳುವ ರಾಕ್‌ವೆಲ್ ಅಳತೆಯಲ್ಲಿ ಸಾಮಾನ್ಯವಾಗಿ 60 ದಾಟಿರುವುದರಿಂದ ತೆಳು ಅಂಚು ನಿಲ್ಲುತ್ತದೆ. ಜರ್ಮನ್ ಚಾಕುಗಳು 56ರಿಂದ 58ರ ನಡುವೆ ಇರುತ್ತವೆ, ಬೇಗ ಮೊಂಡಾದರೂ ಅಂಚು ಚಕ್ಕೆಯೇಳುವುದು ಕಡಿಮೆ. ಅಂಚಿನ ಉದ್ದಕ್ಕೂ ಮಾರ್ಕರ್ ಪೆನ್ನಿನಿಂದ ಮಸಿ ಹಚ್ಚಿ ಕಲ್ಲಿನ ಮೇಲೆ ಒಂದೆರಡು ಸಲ ಉಜ್ಜಿ ನೋಡಿದರೆ ಕಲ್ಲು ಎಲ್ಲಿ ತಾಗುತ್ತಿದೆಯೆಂದು ಕಣ್ಣಿಗೇ ಕಾಣುತ್ತದೆ. ಮಸಿ ಮೇಲುಗಡೆ ಮಾತ್ರ ಅಳಿಸಿ ಅಂಚಿನಲ್ಲಿ ಉಳಿದಿದ್ದರೆ ಅಲಗನ್ನು ಇನ್ನೂ ಸ್ವಲ್ಪ ಎತ್ತಿ ಹಿಡಿಯಬೇಕು. ಒಂದು ಬದಿಯನ್ನು ಉಜ್ಜುತ್ತಾ ಹೋದಂತೆ ಇನ್ನೊಂದು ಬದಿಯ ಅಂಚಿನಲ್ಲಿ ಲೋಹದ ಒರಟು ಪದರೊಂದು ಏಳುತ್ತದೆ. ಹೆಬ್ಬೆರಳನ್ನು ಅಂಚಿನ ಉದ್ದಕ್ಕೆ ಎಂದೂ ಎಳೆಯದೆ ಅಡ್ಡಕ್ಕೆ ಹೊರಗಡೆಗೆ ಸವರಿದರೆ ಅದು ಬೆರಳಿಗೆ ಸಿಕ್ಕುತ್ತದೆ. ಅದು ಅಲಗಿನ ಉದ್ದಕ್ಕೂ ಎದ್ದ ಮೇಲೆ ಬದಿ ಬದಲಿಸಿ, ಕಡೆಯಲ್ಲಿ ಹಗುರವಾಗಿ ಎರಡೂ ಬದಿ ಸವರಿ ಆ ಪದರನ್ನು ತೆಗೆದರೆ ಕೆಲಸ ಮುಗಿಯಿತು. ಕಲ್ಲು ಕೈಗೆ ಸಿಗದಿದ್ದರೆ ಪಿಂಗಾಣಿ ಬಟ್ಟಲನ್ನು ಮಗುಚಿ, ಅದರ ತಳದಲ್ಲಿ ಹೊಳಪು ಬಳಿಯದ ಒರಟು ವೃತ್ತವಿರುತ್ತದಲ್ಲ, ಅದರ ಮೇಲೆ ಹತ್ತಾರು ಸಲ ಎಳೆದರೂ ಅಂದಿನ ಅಡುಗೆ ಸಾಗುತ್ತದೆ. ಚಾಕುವನ್ನು ಸಂದಿಯಲ್ಲಿ ಇಟ್ಟು ಎಳೆಯುವ ಪ್ಲಾಸ್ಟಿಕ್ ಸಾಧನಗಳನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ, ಅವು ಅಂಚಿನಿಂದ ಅನಾವಶ್ಯಕವಾಗಿ ಲೋಹ ಕಿತ್ತು ಚಾಕುವಿನ ಆಯುಷ್ಯ ಕಡಿಮೆ ಮಾಡುತ್ತವೆ.

ಹಲ್ಲಿನ ಅಲಗಿಗೆ ಬದಲಿಯೇ ಇಲ್ಲದ ಒಂದು ಕೆಲಸವೆಂದರೆ ಬ್ರೆಡ್. ಅಯ್ಯಂಗಾರ್ ಬೇಕರಿಯಲ್ಲಿ ಸಂಜೆಯ ಹೊತ್ತಿಗೆ ಇನ್ನೂ ಬಿಸಿಯಾಗಿರುವ ಇಡೀ ಬ್ರೆಡ್ ಕೊಂಡು ತಂದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿನ ಕಂದು ಪದರ ಗಟ್ಟಿ, ಒಳಗಿನದು ಗಾಳಿಗೂಡು. ಸಾದಾ ಚಾಕು ಎಷ್ಟೇ ಹರಿತವಾಗಿದ್ದರೂ ಮೇಲಿನ ಪದರವನ್ನು ದಾಟುವಷ್ಟರಲ್ಲಿ ಒಳಗಿನ ತಿರುಳನ್ನು ಅದುಮಿಬಿಡುತ್ತದೆ. ಹಲ್ಲಿನ ಚಾಕುವನ್ನು ಒತ್ತದೆ, ಅದರ ಭಾರದಲ್ಲೇ ಉದ್ದುದ್ದಕ್ಕೆ ಎಳೆದರೆ ಹೋಳು ನಿಂತಂತೆಯೇ ಬಿಟ್ಟುಕೊಳ್ಳುತ್ತದೆ. ಇದಕ್ಕೆ ಅಲಗು ಬ್ರೆಡ್ಡಿನ ಅಗಲಕ್ಕಿಂತ ಸಾಕಷ್ಟು ಉದ್ದವಿರಬೇಕು, ಗಿಡ್ಡ ಅಲಗಿನಿಂದ ಕುಯ್ದರೆ ತುದಿ ಒಳಗೇ ಸಿಕ್ಕಿ ಪುಡಿ ಉದುರುತ್ತದೆ. ಹಲ್ಲಿನ ಆಕಾರವನ್ನೂ ನೋಡಬೇಕು. ಚೂಪು ಮೊನೆಗಳಿರುವ ಹಲ್ಲು ಗಟ್ಟಿ ಪದರವನ್ನು ಬೇಗ ಕಚ್ಚುತ್ತದೆ ಆದರೆ ಪುಡಿ ಹೆಚ್ಚು ಮಾಡುತ್ತದೆ. ಅಲೆಯಲೆಯಾಗಿ ದುಂಡಗಿರುವ ಹಲ್ಲು ಮೆತ್ತಗಿನ ಬ್ರೆಡ್ಡಿಗೂ ದಿಲ್‌ಪಸಂದ್‌ಗೂ ಹೆಚ್ಚು ಒಪ್ಪುತ್ತದೆ. ನಮ್ಮ ಬೇಕರಿಗಳ ಬ್ರೆಡ್ ಯುರೋಪಿನ ಬ್ರೆಡ್ಡಿನಷ್ಟು ಗಟ್ಟಿ ತೊಗಟೆಯದಲ್ಲವಾದ್ದರಿಂದ ದುಂಡು ಅಲೆಯದ್ದೇ ಇಲ್ಲಿಗೆ ಸರಿ.

ಅಡುಗೆಮನೆಯ ಹೊರಗಿನ ಮಾತನ್ನು ಬೇಗ ಮುಗಿಸಬಹುದು. ಎಳನೀರು ಮಾರುವವರ ಮಚ್ಚಿಗೆ ಹಲ್ಲು ಹಾಕಿದರೆ ಅದು ಕೆಲಸಕ್ಕೇ ಬಾರದು, ಏಕೆಂದರೆ ಅಲ್ಲಿ ಎಳೆಯುವ ಪ್ರಶ್ನೆಯೇ ಇಲ್ಲ, ಬೀಸಿದ ಏಟಿನಲ್ಲೇ ಸಿಪ್ಪೆ ಹಾರಬೇಕು. ಹಗ್ಗ, ತೆಂಗಿನ ನಾರು, ಕಾರಿನ ಸೀಟ್ ಬೆಲ್ಟಿನಂಥ ನೇಯ್ದ ಪಟ್ಟಿ ಇವುಗಳಿಗೆ ಹಲ್ಲು ಬೇಕೇ ಬೇಕು. ಅಪಘಾತದಲ್ಲಿ ಸಿಲುಕಿದವರನ್ನು ಬಿಡಿಸಲು ಮಾಡಿದ ಚಾಕುಗಳಲ್ಲಿ ಹಲ್ಲಿನ ಅಲಗು ಸಾಮಾನ್ಯವಾಗಿರುವುದು ಇದೇ ಕಾರಣಕ್ಕೆ. ದಿನಬೆಳಗಾದರೆ ಮನೆಬಾಗಿಲಿಗೆ ಬರುವ ಪಾರ್ಸೆಲ್ ಪೆಟ್ಟಿಗೆಗಳ ಟೇಪ್ ಕತ್ತರಿಸಲು ಸಾದಾ ಅಲಗು ಉತ್ತಮ. ರಟ್ಟನ್ನು ಹಲ್ಲು ಹರಿಯುತ್ತದೆ, ಪೆಟ್ಟಿಗೆ ವಾಪಸ್ಸು ಕಳಿಸಬೇಕಾದಾಗ ಅದು ಕೆಲಸಕ್ಕೆ ಬರುವುದಿಲ್ಲ. ಅರ್ಧ ಸಾದಾ ಅರ್ಧ ಹಲ್ಲು ಇರುವ ಮಡಚುವ ಚಾಕುಗಳು ಎರಡರ ಲಾಭವನ್ನೂ ಕೊಡುತ್ತವೆಂದು ಮಾರುತ್ತಾರೆ. ನನಗೆ ಅವು ಇಷ್ಟವಿಲ್ಲ. ಬಲ ಮತ್ತು ಹಿಡಿತ ಎರಡೂ ಹೆಚ್ಚಾಗಿ ಸಿಗುವುದು ಹಿಡಿಯ ಹತ್ತಿರದ ಭಾಗದಲ್ಲಿ, ಅಲ್ಲಿಯೇ ಹಲ್ಲು ಕೂತಿರುತ್ತದೆ. ಎಳೆದು ಕುಯ್ಯಲು ಬೇಕಾದ ಉದ್ದವೂ ಎರಡಕ್ಕೆ ಹಂಚಿಹೋಗಿ ಯಾವುದೊಂದೂ ಪೂರ್ತಿ ಸಿಗುವುದಿಲ್ಲ.

ಇಷ್ಟು ಓದಿದವರಿಗೆ ನಾನು ಸಾದಾ ಅಲಗಿನ ಪಕ್ಷಪಾತಿಯೆಂದು ಅನಿಸಿದರೆ ಅದು ನಿಜವೇ. ಆದರೂ ಅಕ್ಕನ ಮಗಳು ವೈಟ್‌ಫೀಲ್ಡಿನಲ್ಲಿ ಗೆಳತಿಯರ ಜೊತೆ ಬಾಡಿಗೆ ಮನೆ ಮಾಡಿ ಚಾಕು ಕೇಳಿದಾಗ ನಾನು ಕೊಡಿಸಿದ್ದು ಹಲ್ಲಿನದನ್ನು. "ಮಾಮ, ಸಾಣೆ ಗೀಣೆ ಎಲ್ಲ ನನ್ನ ಕೈಲಿ ಆಗಲ್ಲ, ಮಣೆ ತೊಳೆಯೋಕೂ ಟೈಮಿರಲ್ಲ" ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. "ಹಾಗಾದರೆ ಏನು ಹೆಚ್ಚುತ್ತೀಯಮ್ಮ?" ಎಂದು ಕೇಳಿದರೆ ಟೊಮೆಟೊ, ಈರುಳ್ಳಿ, ಒಂದಿಷ್ಟು ಹಣ್ಣು ಎಂಬ ಉತ್ತರ ಬಂತು. ಗ್ರಾನೈಟ್ ಕಟ್ಟೆ, ಸರದಿಯ ಮೇಲೆ ಅಡುಗೆ ಮಾಡುವ ಮೂವರು, ಸಾಣೆಯ ಯೋಚನೆಯೇ ಇಲ್ಲದ ಮನೆ. ಅಲ್ಲಿಗೆ ಒಳ್ಳೆಯ ಸಾದಾ ಚಾಕು ಕೊಟ್ಟರೆ ತಿಂಗಳೊಳಗೆ ಅದು ಬೆಣ್ಣೆ ಹಚ್ಚುವ ಚಾಕುವಾಗಿರುತ್ತದೆ, ಮತ್ತು ಮೊಂಡು ಚಾಕುವನ್ನು ಬಲವಾಗಿ ಒತ್ತಿ ಕೈ ಕುಯ್ದುಕೊಳ್ಳುವ ಅಪಾಯ ಬೇರೆ. ವಿಕ್ಟೋರಿನಾಕ್ಸ್‌ನ 11 ಸೆಂಟಿಮೀಟರ್ ಅಲಗಿನ, ದುಂಡು ತುದಿಯ, ಅಲೆಯಂಥ ಹಲ್ಲಿನ ಟೊಮೆಟೊ ಚಾಕು ಅಂಥ ಮನೆಗೆ ಹೇಳಿ ಮಾಡಿಸಿದಂತಿದೆ. ತುದಿ ಚೂಪಿಲ್ಲದ ಕಾರಣ ಡ್ರಾಯರಿನಲ್ಲಿ ಕೈಹಾಕಿದಾಗ ಚುಚ್ಚುವುದೂ ಇಲ್ಲ. ಒಂದು ಎಚ್ಚರಿಕೆಯನ್ನು ಮಾತ್ರ ಅವಳಿಗೆ ಹೇಳಿದೆ: ಹಲ್ಲಿನ ಚಾಕು ತಾಗಿದ ಗಾಯ ನೇರವಾಗಿ ಸೀಳದೆ ಹರಿದಂತಾಗುತ್ತದೆ, ಮಾಯಲು ಹೆಚ್ಚು ದಿನ ಬೇಕು. ಹಾಗಾಗಿ ತೊಳೆಯುವಾಗ ಸ್ಪಂಜನ್ನು ಅಂಚಿನ ಕಡೆಯಿಂದ ಹಿಡಿಯದೆ ಅಲಗಿನ ಬೆನ್ನಿನ ಕಡೆಯಿಂದ ಹಿಡಿದು ಒರೆಸಬೇಕು. ತಗ್ಗುಗಳಲ್ಲಿ ಸಿಪ್ಪೆಯ ಚೂರು ಉಳಿಯುವುದರಿಂದ ಹಳೆಯ ಹಲ್ಲುಜ್ಜುವ ಬ್ರಷ್ ಒಂದನ್ನು ಸಿಂಕಿನ ಬಳಿ ಇಟ್ಟುಕೊಳ್ಳುವುದೂ ಒಳ್ಳೆಯದು.

ಹಲ್ಲಿನ ಚಾಕುವಿಗೆ ಸಾಣೆ ಹಿಡಿಯಲು ಬರುವುದೇ ಇಲ್ಲವೆಂಬುದು ಪೂರ್ತಿ ನಿಜವಲ್ಲ. ದೊಡ್ಡ ಹಲ್ಲುಗಳಿರುವ ಬ್ರೆಡ್ ಚಾಕುವನ್ನು ಮನೆಯಲ್ಲೇ ಸರಿಮಾಡಿಕೊಳ್ಳಬಹುದು, ತಾಳ್ಮೆ ಬೇಕಷ್ಟೆ. ಇದಕ್ಕೆಂದೇ ತುದಿ ಸಣ್ಣದಾಗುತ್ತಾ ಹೋಗುವ ವಜ್ರದ ಪುಡಿ ಲೇಪಿಸಿದ ಸರಳುಗಳು ಸಿಗುತ್ತವೆ. ಅದಿಲ್ಲದಿದ್ದರೆ ಬಡಗಿಗಳೂ ಪೇಂಟರುಗಳೂ ಬಳಸುವ ವಾಟರ್ ಪೇಪರಿನಲ್ಲಿ, ಅಂದರೆ ನೀರು ಹಚ್ಚಿ ಉಜ್ಜುವ ಮರಳು ಕಾಗದದಲ್ಲಿ, 600 ಅಥವಾ 800 ಗ್ರಿಟ್‌ನ ಹಾಳೆಯನ್ನು ತಂದು ಹಲ್ಲಿನ ತಗ್ಗಿಗೆ ಹೊಂದುವ ಪೆನ್ಸಿಲಿಗೆ ಬಿಗಿಯಾಗಿ ಸುತ್ತಿಕೊಂಡರೂ ಆಗುತ್ತದೆ. ಕೊರೆದ ಬದಿಯಿಂದ ಮಾತ್ರ, ಕಾರ್ಖಾನೆಯಲ್ಲಿ ಕೊಟ್ಟಿರುವ ಇಳಿಜಾರನ್ನೇ ಅನುಸರಿಸಿ, ಒಂದೊಂದು ತಗ್ಗಿಗೂ ನಾಲ್ಕಾರು ಸಲ ಒಳಗಿನಿಂದ ಹೊರಗೆ ತಳ್ಳಬೇಕು. ಹಿಂದುಗಡೆ ಬೆರಳಿಗೆ ಒರಟು ಸಿಕ್ಕಿದೊಡನೆ ಮುಂದಿನ ತಗ್ಗಿಗೆ ಹೋಗಬೇಕು. ಎಲ್ಲ ತಗ್ಗುಗಳೂ ಮುಗಿದ ಮೇಲೆ ಚಪ್ಪಟೆ ಬದಿಯನ್ನು ನಯವಾದ ಕಲ್ಲಿನ ಮೇಲೆ ಮಲಗಿಸಿ ಒಂದೆರಡು ಸಲ ಮೆಲ್ಲಗೆ ಎಳೆದರೆ ಎದ್ದ ಪದರು ಹೋಗುತ್ತದೆ. ಚಪ್ಪಟೆ ಬದಿಯನ್ನು ಕೋನ ಕೊಟ್ಟು ಉಜ್ಜಿದರೆ ಹಲ್ಲುಗಳ ಎತ್ತರವೇ ಕುಗ್ಗುತ್ತಾ ಬರುತ್ತದೆ.

ಬೀದಿಯಲ್ಲಿ ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ಸಾಣೆ ಹಿಡಿಯುತ್ತಾ ಬರುವವರು ಈಗಲೂ ನಮ್ಮ ಹನುಮಂತನಗರದ ಕಡೆ ಆಗಾಗ ಕಾಣಿಸುತ್ತಾರೆ. ಸಾದಾ ಚಾಕು, ಈಳಿಗೆಯ ಅಲಗು, ಕತ್ತರಿ ಇವುಗಳನ್ನು ಅವರಿಗೆ ಕೊಡಬಹುದು; ಕಿಡಿ ಜೋರಾಗಿ ಹಾರುವಂತೆ ಒತ್ತಿ ಹಿಡಿಯುತ್ತಿದ್ದರೆ "ಅಣ್ಣ, ಸ್ವಲ್ಪ ನೀರು ಅದ್ದಿಕೊಂಡು ಹಿಡೀರಿ" ಎಂದು ಹೇಳುವುದರಲ್ಲಿ ಸಂಕೋಚ ಬೇಡ, ಬಿಸಿಯೇರಿ ಅಂಚು ನೀಲಿಗಟ್ಟಿದರೆ ಉಕ್ಕಿನ ಹದ ಹೋಗಿರುತ್ತದೆ. ಹಲ್ಲಿನ ಚಾಕುವನ್ನು ಆ ಚಕ್ರಕ್ಕೆ ಕೊಟ್ಟರೆ ಹಲ್ಲೆಲ್ಲ ಸವೆದು ಸಾದಾ ಅಲಗಾಗಿಯೇ ಹಿಂದಿರುಗುತ್ತದೆ. ಹಲ್ಲು ಪೂರ್ತಿ ಮೊಂಡಾಗಿ ಬಿಸಾಡಬೇಕೆಂದಿರುವ ಹಳೆಯ ಬ್ರೆಡ್ ಚಾಕುವಾದರೆ ಹಾಗೆ ಮಾಡಿಸಿಕೊಳ್ಳುವುದೂ ಒಂದು ದಾರಿ. ನಮ್ಮ ಮನೆಯಲ್ಲಿ ಅಂಥದ್ದೊಂದಿದ್ದು, ಅದರ ಉದ್ದದಿಂದಾಗಿ ಕಲ್ಲಂಗಡಿ ಮತ್ತು ಪಪ್ಪಾಯಿಗೆ ಬಹಳ ಅನುಕೂಲವಾಗಿದೆ. ಸಿಹಿಕುಂಬಳಕಾಯಿಗೆ ಮಾತ್ರ ಅದನ್ನು ತೆಗೆಯುವುದಿಲ್ಲ, ಅಲಗು ತೆಳುವಾಗಿರುವುದರಿಂದ ಗಟ್ಟಿ ಸಿಪ್ಪೆಯಲ್ಲಿ ಸಿಕ್ಕಿ ಬಾಗುತ್ತದೆ.